ರಿಪೋರ್ಟಿನ ಬದಿಯ ಆ ಎರಡು ಅಂಕೆಗಳು

(ಕುಟುಂಬ ಸಮ್ಮಿಲನದ ಆರೋಗ್ಯ ಮಾಹಿತಿ ಸಭೆಯಲ್ಲಿ ನಮ್ಮ ಆರೋಗ್ಯ ವಿಭಾಗದ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆಯಲ್ಲಿರುವ ಹಿರಿಯರೇ, ರಜಾದಿನದ ನಿದ್ದೆ ಬಿಟ್ಟು ಕ್ಯಾಂಪುಗಳಿಂದ ಬಸ್ಸು ಹತ್ತಿ ಬಂದಿರುವ ಸಹೋದರರೇ, ಮಕ್ಕಳನ್ನು ಕಟ್ಟಿಕೊಂಡು ಬಂದ ತಾಯಂದಿರೇ, ಊಟಕ್ಕೆ ಮೊದಲು ನಮಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಬಿರಿಯಾನಿಯ ವಾಸನೆ ಆಗಲೇ ಬರ್ತಾ ಉಂಟು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ವಿಭಾಗದಲ್ಲಿ ಲ್ಯಾಬಿನಲ್ಲಿ ದುಡಿಯುವವರು, ನರ್ಸುಗಳು, ಫಾರ್ಮಸಿಯವರು ಇದ್ದೇವೆ. ನಮ್ಮ ಫೋನಿಗೆ ದಿನಾ ರಕ್ತ ಪರೀಕ್ಷೆಯ ರಿಪೋರ್ಟಿನ ಫೋಟೋ ಬರುತ್ತದೆ. ಹೆಚ್ಚಿನದು ಸಿಬಿಸಿ, ಅಂದರೆ ರಕ್ತದ ಕಣಗಳ ಲೆಕ್ಕ. ಅದರಲ್ಲೂ ಬಿಳಿ ರಕ್ತಕಣಗಳ ಸಾಲಿಗೆ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿ, ಕೆಳಗೆ ‘ಇದು ಎಂತದು?’ ಎಂಬ ಪ್ರಶ್ನೆ. ಕೆಲವೊಮ್ಮೆ ರಾತ್ರಿ 2 ಗಂಟೆಗೆ. ಊರಲ್ಲಿ ಮಗುವಿನ ರಿಪೋರ್ಟ್ ಬಂದಿದೆ, ಲಿಂಫೋಸೈಟ್ ಎದುರು ‘ಎಚ್’ ಎಂದಿದೆ, ಮನೆಯವಳು ಅಳ್ತಾ ಇದ್ದಾಳೆ, ಇಲ್ಲಿ ಇವನಿಗೆ ನಿದ್ದೆ ಇಲ್ಲ. ಇನ್ನೊಬ್ಬನಿಗೆ ತನ್ನದೇ ರಿಪೋರ್ಟಿನಲ್ಲಿ ‘ಎಲ್’ ಬಂದಿದೆ. ರೂಮಿನಲ್ಲಿ ಯಾರೋ ‘ಬಿಳಿ ಕಣ ಕಡಿಮೆ ಅಂದ್ರೆ ದೊಡ್ಡ ಕಾಯಿಲೆ, ವೀಸಾ ಹೋಗ್ತದೆ’ ಎಂದು ಹೆದರಿಸಿದ್ದಾರೆ. ಅವನು ಡಾಕ್ಟರ ಹತ್ತಿರ ಹೋಗುವ ಬದಲು ರಿಪೋರ್ಟನ್ನು ಹಾಸಿಗೆಯ ಅಡಿಯಲ್ಲಿ ಇಟ್ಟಿದ್ದಾನೆ.

ಈ ‘ಎಚ್’ ಮತ್ತು ‘ಎಲ್’ ಎಲ್ಲಿಂದ ಬರುತ್ತವೆ? ಯಂತ್ರಕ್ಕೆ ನಿಮ್ಮ ಕಾಯಿಲೆ ಗೊತ್ತಿರುವುದಿಲ್ಲ. ಬಲಬದಿಯಲ್ಲಿ ಎರಡು ಅಂಕೆ ಅಚ್ಚಾಗಿರುತ್ತವಲ್ಲ, 4,000 – 11,000 ಎಂದೋ ಮತ್ತೊಂದೋ, ನಿಮ್ಮ ಲೆಕ್ಕ ಅದರ ಹೊರಗೆ ಬಿದ್ದರೆ ಕಂಪ್ಯೂಟರ್ ಅಕ್ಷರ ಹಾಕುತ್ತದೆ, ಅಷ್ಟೇ. ಹಾಗಾದರೆ ಆ ಎರಡು ಅಂಕೆಗಳನ್ನು ಮಾಡಿದವರು ಯಾರು, ಯಾರ ರಕ್ತದಿಂದ ಮಾಡಿದರು? ಇವತ್ತಿನ ಮಾತು ಅದರ ಬಗ್ಗೆ.

ಅದಕ್ಕೂ ಮೊದಲು ಒಂದು ಸಣ್ಣ ಸಂಗತಿ ಮುಗಿಸುತ್ತೇವೆ. ಊರಿನ ರಿಪೋರ್ಟಿನಲ್ಲಿ ಬಿಳಿ ಕಣ 7,200 ಎಂದು ಇರುತ್ತದೆ, ಗಲ್ಫಿನ ರಿಪೋರ್ಟಿನಲ್ಲಿ 7.2. ‘ಏಳು ಸಾವಿರ ಇದ್ದದ್ದು ಏಳಕ್ಕೆ ಇಳಿಯಿತಾ?’ ಎಂದು ಕೇಳಿದವರು ಒಬ್ಬಿಬ್ಬರಲ್ಲ. ಎರಡೂ ಒಂದೇ. ಊರಿನವರು ಒಂದು ಮೈಕ್ರೋಲೀಟರ್ ರಕ್ತದಲ್ಲಿ ಎಷ್ಟು ಕಣ ಎಂದು ಬರೆಯುತ್ತಾರೆ; ಇಲ್ಲಿಯವರು ಒಂದು ಲೀಟರಿಗೆ ಲೆಕ್ಕ ಹಾಕಿ, ಶತಕೋಟಿಯಲ್ಲಿ ಬರೆಯುತ್ತಾರೆ. ಪ್ಲೇಟ್‌ಲೆಟ್ ಕೂಡ ಹಾಗೆ: ಊರಿನ ಎರಡೂವರೆ ಲಕ್ಷ ಇಲ್ಲಿ 250. ಇಷ್ಟು ಗೊತ್ತಿದ್ದರೆ ಅರ್ಧ ಹೆದರಿಕೆ ಇಲ್ಲಿಯೇ ಕಳೆಯಿತು.

ಈಗ ರೇಂಜ್ ಮಾಡುವ ಕೆಲಸ. ಮಂಗಳೂರಿನ ದಕ್ಕೆ ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಒಂದು ಬುಟ್ಟಿಯಿಂದ 120 ಬಂಗುಡೆ ತೆಗೆದು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡಿ. ಚಿಕ್ಕ ತುದಿಯಿಂದ 3, ದೊಡ್ಡ ತುದಿಯಿಂದ 3 ಬದಿಗಿಡಿ. ಉಳಿದ 114ರ ಅತಿ ಚಿಕ್ಕದು ಮತ್ತು ಅತಿ ದೊಡ್ಡದರ ಉದ್ದ ಬರೆದುಕೊಳ್ಳಿ. ಅದೇ ಬಂಗುಡೆಯ ರೇಂಜ್. ರಕ್ತದ ರೇಂಜನ್ನು ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ. ಆರೋಗ್ಯವಂತರು ಎಂದು ವಿಚಾರಿಸಿ ಆರಿಸಿದ ಕನಿಷ್ಠ 120 ಜನರ ರಕ್ತ ತೆಗೆದು, ಎಣಿಸಿ, ಸಾಲಾಗಿ ಜೋಡಿಸಿ, ಎರಡೂ ತುದಿಯಿಂದ ನೂರಕ್ಕೆ ಎರಡೂವರೆಯಷ್ಟನ್ನು ಬಿಡುತ್ತಾರೆ. ನಡುವಿನ ನೂರಕ್ಕೆ 95 ಉಳಿಯುತ್ತದೆ. ಈ 120 ಎಂಬ ಸಂಖ್ಯೆ ನಾವು ಬಾಯಿಗೆ ಬಂದಂತೆ ಹೇಳಿದ್ದಲ್ಲ, ಪ್ರಪಂಚದ ಲ್ಯಾಬುಗಳು ಅನುಸರಿಸುವ ಮಾರ್ಗಸೂಚಿಯಲ್ಲಿ ಇರುವುದು.

ಆ ಬದಿಗಿಟ್ಟ 6 ಬಂಗುಡೆ ಕೊಳೆತಿದೆಯಾ? ಇಲ್ಲ ಮಾರಾಯ್ರೇ. ಅವೂ ಅದೇ ಬುಟ್ಟಿಯ ತಾಜಾ ಮೀನು. ಸ್ವಲ್ಪ ಚಿಕ್ಕದು, ಸ್ವಲ್ಪ ದೊಡ್ಡದು, ಅಷ್ಟೇ. ಕೊಳೆತದ್ದನ್ನು ನೋಡುವುದು ಕಿವಿರು ಎತ್ತಿ, ಉದ್ದ ಅಳೆದು ಅಲ್ಲ.

ಅಂದರೆ ಯಾವ ಕಾಯಿಲೆಯೂ ಇಲ್ಲದ 20 ಜನರಲ್ಲಿ ಒಬ್ಬರಿಗೆ ‘ಎಚ್’ ಅಥವಾ ‘ಎಲ್’ ಬೀಳಲೇಬೇಕು. ಲೆಕ್ಕವನ್ನೇ ಹಾಗೆ ಕಟ್ಟಿದ್ದಾರೆ. ಇನ್ನು ‘ಫುಲ್ ಬಾಡಿ ಚೆಕಪ್’ ಎಂದು ಆಫರಿನಲ್ಲಿ 20 ಬೇರೆ ಬೇರೆ ಪರೀಕ್ಷೆ ಮಾಡಿಸಿದರೆ? ಒಂದೊಂದೂ ಸ್ವತಂತ್ರ ಎಂದಿಟ್ಟುಕೊಂಡರೆ, 20ಕ್ಕೆ 20ರಲ್ಲೂ ರೇಂಜಿನ ಒಳಗೆ ಬರುವ ಆರೋಗ್ಯವಂತರು ನೂರಕ್ಕೆ 36 ಮಾತ್ರ. ಉಳಿದ 64 ಜನರಿಗೆ ಎಲ್ಲಿಯಾದರೂ ಒಂದು ಕೆಂಪು ಅಕ್ಷರ ಗ್ಯಾರಂಟಿ. ಆಫರ್ ಕೊಡುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ ಎಂದು ನಮಗೊಂದು ಗುಮಾನಿ.

ಇದನ್ನೆಲ್ಲ ಯೋಚಿಸಿಯೇ 1969ರಲ್ಲಿ ಫಿನ್‌ಲ್ಯಾಂಡಿನ ಗ್ರಾಸ್‌ಬೆಕ್ ಮತ್ತು ಸಾರಿಸ್ ಎಂಬ ಇಬ್ಬರು, ‘ನಾರ್ಮಲ್’ ಎಂಬ ಶಬ್ದವೇ ತಪ್ಪು ದಾರಿಗೆ ಎಳೆಯುತ್ತದೆ, ‘ರೆಫರೆನ್ಸ್’ ಎಂದು ಕರೆಯೋಣ ಎಂದರು. ಹೋಲಿಸಿ ನೋಡಲು ಇಟ್ಟ ಅಳತೆ ಎಂದು ಅರ್ಥ. ಈಗ ಊರಿನ ದೊಡ್ಡ ಲ್ಯಾಬುಗಳ ರಿಪೋರ್ಟಿನಲ್ಲಿ ‘ಬಯಾಲಾಜಿಕಲ್ ರೆಫರೆನ್ಸ್ ಇಂಟರ್ವಲ್’ ಎಂದು ಅಚ್ಚಾಗುವುದು ಅದಕ್ಕೇ. ನಮ್ಮ ಬಾಯಲ್ಲಿ ಮಾತ್ರ ಇನ್ನೂ ನಾರ್ಮಲ್, ಅಬ್‌ನಾರ್ಮಲ್.

ಬಂಗುಡೆಗೆ ಮತ್ತೊಮ್ಮೆ ಬನ್ನಿ. ಬಂಗುಡೆಯ ಅಳತೆಕೋಲು ಹಿಡಿದು ಭೂತಾಯಿ ಅಳೆದರೆ ಏನಾಗುತ್ತದೆ? ಎಲ್ಲವೂ ‘ಎಲ್’. ಅಂಜಲ್ ಅಳೆದರೆ ಎಲ್ಲವೂ ‘ಎಚ್’. ಮೀನಿನದ್ದು ತಪ್ಪಲ್ಲ, ಕೋಲು ಬೇರೆಯದ್ದು. ದೊಡ್ಡವರ ರೇಂಜಿನಲ್ಲಿ ಮಗುವಿನ ರಕ್ತ ನೋಡುವುದೆಂದರೆ ಇದೇ. ನಮಗೆ ಬರುವ ಫೋಟೋಗಳಲ್ಲಿ ಅತಿ ಹೆಚ್ಚು ಅನಾವಶ್ಯಕ ಕಣ್ಣೀರು ಹರಿಯುವುದು ಈ ಕಾರಣಕ್ಕಾಗಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇವೆ, ತಾಯಂದಿರು ದಯವಿಟ್ಟು ಕೇಳಿ.

ಬಿಳಿ ಕಣಗಳಲ್ಲಿ ಹಲವು ಜಾತಿ. ಮುಖ್ಯವಾಗಿ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್. ನ್ಯೂಟ್ರೋಫಿಲ್‌ಗಳು ಕೀವು ಮಾಡುವಂಥ ಬ್ಯಾಕ್ಟೀರಿಯಾಗಳ ಮೇಲೆ ಮೊದಲು ಬೀಳುವವು. ಲಿಂಫೋಸೈಟ್‌ಗಳು ನೆನಪಿಟ್ಟುಕೊಳ್ಳುವವು, ಲಸಿಕೆ ಕೆಲಸ ಮಾಡುವುದು ಇವುಗಳ ಮೂಲಕ. ದೊಡ್ಡವರ ರಕ್ತದಲ್ಲಿ ನೂರಕ್ಕೆ ಸುಮಾರು 60 ನ್ಯೂಟ್ರೋಫಿಲ್, 30–35 ಲಿಂಫೋಸೈಟ್. ಮಗು ಹುಟ್ಟಿದಾಗ ಒಟ್ಟು ಬಿಳಿ ಕಣ 9,000ದಿಂದ 30,000ದವರೆಗೂ ಇರಬಹುದು, ಆಗ ನ್ಯೂಟ್ರೋಫಿಲ್ ಜಾಸ್ತಿ. ಮೊದಲ ಒಂದೆರಡು ವಾರದೊಳಗೆ ಲೆಕ್ಕ ಉಲ್ಟಾ ಆಗುತ್ತದೆ. ಒಂದು ವರ್ಷದ ಮಗುವಿನಲ್ಲಿ ಸರಾಸರಿ ನೂರಕ್ಕೆ 61 ಲಿಂಫೋಸೈಟ್, 31 ನ್ಯೂಟ್ರೋಫಿಲ್. ನಾಲ್ಕು ವರ್ಷದ ಹೊತ್ತಿಗೆ ಅರ್ಧ ಲಿಂಫೋಸೈಟ್. ಆಮೇಲೆ ನಿಧಾನವಾಗಿ ತಿರುಗಿ ದೊಡ್ಡವರ ಲೆಕ್ಕಕ್ಕೆ ಬರುತ್ತದೆ. ಒಟ್ಟು ಬಿಳಿ ಕಣವೂ ಒಂದು ವರ್ಷದ ಮಗುವಿನಲ್ಲಿ 6,000ದಿಂದ 17,500ರವರೆಗೆ ಇರಬಹುದು.

ಮಗು ಈಗಷ್ಟೇ ಲೋಕಕ್ಕೆ ಬಂದಿದೆ. ದಿನಾ ಹೊಸ ಹೊಸ ಕ್ರಿಮಿಗಳ ಪರಿಚಯ ಆಗಬೇಕು. ಕಲಿಯುವ ಕಣಗಳು ಆ ವಯಸ್ಸಿನಲ್ಲಿ ಜಾಸ್ತಿ ಇರುವುದರಲ್ಲಿ ಆಶ್ಚರ್ಯ ಇಲ್ಲ.

ಈಗ ಊರಿನ ಒಂದು ಸಣ್ಣ ಲ್ಯಾಬ್ ಊಹಿಸಿಕೊಳ್ಳಿ. ಅಲ್ಲಿಯ ಕಂಪ್ಯೂಟರಿನಲ್ಲಿ ಒಂದೇ ರೇಂಜ್ ತುಂಬಿಸಿದ್ದಾರೆ: ಲಿಂಫೋಸೈಟ್ 20ರಿಂದ 40. ಒಂದೂವರೆ ವರ್ಷದ ಮಗು, ಶೀತ ಜ್ವರ ಬಂದು ಹೋಗಿದೆ, ಲಿಂಫೋಸೈಟ್ 58, ನ್ಯೂಟ್ರೋಫಿಲ್ 33. ರಿಪೋರ್ಟಿನಲ್ಲಿ ಒಂದಕ್ಕೆ ‘ಎಚ್’, ಇನ್ನೊಂದಕ್ಕೆ ‘ಎಲ್’. ಎರಡೂ ಆ ವಯಸ್ಸಿಗೆ ಸರಿಯಾಗಿಯೇ ಇವೆ. ಆದರೆ ಮನೆಯವರು ಅದನ್ನು ಹಿಡಿದು ಮೆಡಿಕಲ್‌ಗೆ ಹೋಗುತ್ತಾರೆ, ‘ಇನ್‌ಫೆಕ್ಷನ್ ಜಾಸ್ತಿ ಉಂಟಂತೆ’ ಎಂದು ಆಂಟಿಬಯಾಟಿಕ್ ಕೇಳುತ್ತಾರೆ. ವಾರ ಬಿಟ್ಟು ಇನ್ನೊಂದು ಪರೀಕ್ಷೆ. ಲಿಂಫೋಸೈಟ್ ಇಳಿಯುವುದಿಲ್ಲ, ಯಾಕೆಂದರೆ ಇಳಿಯಬೇಕಾದ್ದೇ ಅಲ್ಲ. ಆಗ ಇನ್ನೊಂದು, ಇನ್ನೂ ದುಬಾರಿ ಆಂಟಿಬಯಾಟಿಕ್. ಇಲ್ಲಿ ಅಪ್ಪ ಓವರ್‌ಟೈಮ್ ಮಾಡಿ ಕಳಿಸಿದ ಹಣ ಇಲ್ಲದ ಕಾಯಿಲೆಗೆ ಖರ್ಚಾಯಿತು. ಅದಕ್ಕಿಂತ ಬೇಸರದ್ದೆಂದರೆ, ಮಗುವಿನ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋದವು, ಮುಂದೆ ನಿಜವಾಗಿ ಬೇಕಾದಾಗ ಮದ್ದು ನಾಟದ ಕ್ರಿಮಿಗಳು ಬೆಳೆಯಲು ಜಾಗ ಆಯಿತು.

ಆದ್ದರಿಂದ ಮಕ್ಕಳ ರಿಪೋರ್ಟ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಈ ರೇಂಜ್ ಈ ವಯಸ್ಸಿನದ್ದಾ? ಬದಿಯ ಅಂಕೆಗಳು ಅಪ್ಪನ ರಿಪೋರ್ಟಿನಲ್ಲೂ ಮಗುವಿನ ರಿಪೋರ್ಟಿನಲ್ಲೂ ಒಂದೇ ಇದ್ದರೆ, ಆ ‘ಎಚ್’ ‘ಎಲ್’ ನಂಬಬೇಡಿ, ಮಕ್ಕಳ ಡಾಕ್ಟರನ್ನು ಕೇಳಿ.

ಮಕ್ಕಳ ರೇಂಜ್ ಯಾಕೆ ಎಲ್ಲ ಕಡೆ ಇಲ್ಲ ಎಂದರೆ, ಮಾಡುವುದು ಕಷ್ಟ. ಗಂಡು ಹೆಣ್ಣು ಬೇರೆ ಬೇರೆ, ವಯಸ್ಸಿನ ಆರು ಗುಂಪು ಎಂದರೂ 12 ಗುಂಪು ಆಯಿತು; ಗುಂಪಿಗೆ 120ರಂತೆ 1,440 ಆರೋಗ್ಯವಂತ ಮಕ್ಕಳು ಬೇಕು. ಕಾಯಿಲೆ ಇಲ್ಲದ ಮಗುವಿನ ಕೈಗೆ ಸೂಜಿ ಚುಚ್ಚಲು ಯಾವ ತಾಯಿ ಒಪ್ಪುತ್ತಾಳೆ? ಕೆನಡಾದ ಟೊರೊಂಟೊದಲ್ಲಿ ಮಕ್ಕಳ ಆಸ್ಪತ್ರೆಯವರು ಕ್ಯಾಲಿಪರ್ ಎಂಬ ಹೆಸರಿನ ಯೋಜನೆ ಮಾಡಿ, ಸಾವಿರಾರು ಆರೋಗ್ಯವಂತ ಮಕ್ಕಳ ರಕ್ತವನ್ನು ಹೆತ್ತವರ ಒಪ್ಪಿಗೆಯಿಂದ ಸಂಗ್ರಹಿಸಿ ವಯಸ್ಸು, ಲಿಂಗಕ್ಕೆ ತಕ್ಕ ರೇಂಜುಗಳನ್ನು ಮಾಡಿದ್ದಾರೆ. ಆ ಮಕ್ಕಳಿಗೂ ಅವರ ತಾಯಂದಿರಿಗೂ ನಾವು ಋಣಿಗಳು.

ಈಗ ಬಹಳ ಜನ ಬಾಯಿ ಬಿಟ್ಟು ಕೇಳದ ವಿಷಯ. ಲಿಂಫೋಸೈಟ್‌ಗಳಲ್ಲೇ ಒಂದು ಬಗೆ ಸಿಡಿ4. ಎಚ್‌ಐವಿ ವೈರಸ್ ಹಾಳು ಮಾಡುವುದು ಮುಖ್ಯವಾಗಿ ಈ ಕಣಗಳನ್ನು. ಆ ಸುದ್ದಿ ಎಲ್ಲೋ ಕೇಳಿ, ‘ಬಿಳಿ ಕಣ ಕಡಿಮೆ ಎಂದರೆ ಅದೇ’ ಎಂಬ ಮಾತು ಕ್ಯಾಂಪುಗಳಲ್ಲಿ ಓಡಾಡುತ್ತದೆ. ಸ್ಪಷ್ಟವಾಗಿ ಹೇಳುತ್ತೇವೆ: ಎಚ್‌ಐವಿ ಇದೆಯೋ ಇಲ್ಲವೋ ಎಂದು ತಿಳಿಯುವುದು ವೈರಸ್ಸಿನ ಗುರುತು ಮತ್ತು ಅದರ ವಿರುದ್ಧದ ಆಂಟಿಬಾಡಿ ಹುಡುಕುವ ಬೇರೆಯೇ ಪರೀಕ್ಷೆಯಿಂದ. ಸಿಬಿಸಿಯ ‘ಎಲ್’ನಿಂದ ಅಲ್ಲ. ಒಂದು ಮಾಮೂಲಿ ವೈರಲ್ ಜ್ವರ ಬಂದು ಹೋದರೂ ಬಿಳಿ ಕಣ ಕೆಲವು ದಿನ ಇಳಿಯುತ್ತದೆ. ಡೆಂಗಿಯಲ್ಲಿ ಇಳಿಯುವುದಂತೂ ಮಳೆಗಾಲದ ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ವಯಸ್ಸು ನೋಡದ ರೇಂಜ್ ಎಂಥ ಅಪಾಯ ಎಂಬುದಕ್ಕೆ ಸಿಡಿ4ಕ್ಕಿಂತ ದೊಡ್ಡ ಪಾಠ ಇಲ್ಲ. ದೊಡ್ಡವರಲ್ಲಿ ಇದು ಸುಮಾರು 500ರಿಂದ 1,500. ಅಮೆರಿಕದಲ್ಲಿ 807 ಆರೋಗ್ಯವಂತ ಮಕ್ಕಳನ್ನು, ನವಜಾತರಿಂದ 18 ವರ್ಷದವರೆಗೆ, ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಒಂದುಂಟು. ಅದರಲ್ಲಿ 3ರಿಂದ 6 ತಿಂಗಳ ಮಕ್ಕಳ ನಡುವಿನ ಸಂಖ್ಯೆ 2,850. ಒಂದರಿಂದ ಎರಡು ವರ್ಷದವರಲ್ಲಿ 2,160. ಎರಡರಿಂದ ಆರು ವರ್ಷದವರಲ್ಲಿ 1,380. ಹನ್ನೆರಡು ದಾಟಿದವರಲ್ಲಿ 840. ಈಗ ಯೋಚಿಸಿ: ಆರು ತಿಂಗಳ ಮಗುವಿನ ಸಿಡಿ4 700 ಬಂದರೆ, ದೊಡ್ಡವರ ರೇಂಜಿನಲ್ಲಿ ಅದು ಸರಿ ಇದೆ, ಯಾವ ಅಕ್ಷರವೂ ಬೀಳುವುದಿಲ್ಲ. ಆದರೆ ಆ ಮಗುವಿನ ರೋಗನಿರೋಧಕ ಶಕ್ತಿ ತೀವ್ರವಾಗಿ ಕುಸಿದಿದೆ ಎಂದು ಅರ್ಥ; ಅಮೆರಿಕದ ಸಿಡಿಸಿ 1994ರಲ್ಲಿ ಒಂದು ವರ್ಷದೊಳಗಿನ ಮಕ್ಕಳಿಗೆ ಹಾಕಿದ ತೀವ್ರ ಗೆರೆಯೇ 750. ದೊಡ್ಡವರಿಗೆ ಅದೇ ಗೆರೆ 200. ಆಗಲೇ ಹೇಳಿದ ಮಗುವಿಗೆ ಇಲ್ಲದ ಕಾಯಿಲೆ ಕಂಡಿತು, ಈ ಮಗುವಿಗೆ ಇರುವ ಕಾಯಿಲೆ ಕಾಣಲಿಲ್ಲ. ಎರಡನೆಯದು ಜೀವ ತೆಗೆಯುತ್ತದೆ.

ಗಂಡು ಹೆಣ್ಣಿನ ವ್ಯತ್ಯಾಸವೂ ಉಂಟು. ಹೆಂಗಸರ ಸಿಡಿ4 ಲೆಕ್ಕ ಗಂಡಸರಿಗಿಂತ ಸ್ವಲ್ಪ ಜಾಸ್ತಿ ಎಂಬುದು ಯುರೋಪು, ಆಫ್ರಿಕಾ, ನಮ್ಮ ಭಾರತ, ಹೀಗೆ ಎಣಿಸಿದ ಅನೇಕ ಕಡೆ ಕಂಡುಬಂದಿದೆ. ಹೆರಿಗೆಯ ವಯಸ್ಸಿನ ಹೆಂಗಸರಲ್ಲಿ ನ್ಯೂಟ್ರೋಫಿಲ್ ಕೂಡ ತುಸು ಹೆಚ್ಚು, ಮುಟ್ಟು ನಿಂತ ಮೇಲೆ ಇಳಿಯುತ್ತದೆ. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಗರ್ಭಿಣಿಯರಲ್ಲಿ. ಬಿಳಿ ಕಣ 13,000, 15,000 ಎಂದು ಬರುವುದು ಗರ್ಭಿಣಿಯರಲ್ಲಿ ಸಾಮಾನ್ಯ. ಹೆರಿಗೆ ನೋವಿನ ಹೊತ್ತಿಗೆ 25,000 ದಾಟಿದರೂ ಅದೊಂದೇ ಕಾರಣಕ್ಕೆ ಗಾಬರಿ ಬೀಳಬೇಕಾಗಿಲ್ಲ. ರಿಪೋರ್ಟಿನ ರೇಂಜ್ ಮಾತ್ರ 11,000ಕ್ಕೆ ನಿಂತಿರುತ್ತದೆ. ಏಳು ತಿಂಗಳ ಬಸುರಿ ಹೆಂಡತಿಯ ರಿಪೋರ್ಟನ್ನು ಇಲ್ಲಿಂದ ನೋಡಿ ‘ನಿನಗೆ ಇನ್‌ಫೆಕ್ಷನ್ ಉಂಟು, ಡಾಕ್ಟರು ಮುಚ್ಚಿಡ್ತಿದ್ದಾರೆ’ ಎಂದು ಜಗಳ ಮಾಡಬೇಡಿ. ಜ್ವರ ಉಂಟಾ, ಉರಿಮೂತ್ರ ಉಂಟಾ ಎಂದು ಕೇಳಿ. ಇದ್ದರೆ ತಕ್ಷಣ ಆಸ್ಪತ್ರೆಗೆ ಕಳಿಸಿ.

ಇನ್ನು ನಾವು ದುಡಿಯುವ ಈ ನೆಲದ ಕತೆ. ಅರಬರಲ್ಲಿ ಗಣನೀಯ ಪ್ರಮಾಣದ ಜನರಿಗೆ ನ್ಯೂಟ್ರೋಫಿಲ್ ಲೆಕ್ಕ ಹುಟ್ಟಿನಿಂದಲೇ ಕಡಿಮೆ. ಪುಸ್ತಕದ ರೇಂಜ್ 1,500ಕ್ಕಿಂತ ಕೆಳಗೆ ಹೋದರೆ ಕೊರತೆ ಎನ್ನುತ್ತದೆ. ಎಮಿರೇಟ್ಸಿನಲ್ಲಿ ಅರಬರ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 10 ಮಂದಿ ಅದರ ಕೆಳಗಿದ್ದರು, ಕಾಯಿಲೆ ಇಲ್ಲದೆಯೇ. ಯೆಮನ್ ಮೂಲದ ಯಹೂದಿಗಳಲ್ಲಿ, ಆಫ್ರಿಕಾ ಮೂಲದವರಲ್ಲಿಯೂ ಹೀಗೆಯೇ ಇದೆ. ಇದಕ್ಕೆ ಕಾರಣ ಡಫಿ ಎಂಬ ಪ್ರೋಟೀನಿನ ಜೀನ್ ಎಂದು 2009ರಲ್ಲಿಯೇ ಸ್ಪಷ್ಟವಾಯಿತು. ಕೆಂಪು ರಕ್ತಕಣದ ಮೇಲೆ ಡಫಿ ಇಲ್ಲದವರಿಗೆ ರಕ್ತದಲ್ಲಿ ಓಡಾಡುವ ನ್ಯೂಟ್ರೋಫಿಲ್ ಕಡಿಮೆ ಇರುತ್ತದೆ, ಆದರೆ ಮೂಳೆಮಜ್ಜೆ ಸರಿಯಾಗಿ ಕೆಲಸ ಮಾಡುತ್ತಿರುತ್ತದೆ, ಬೇರೆಯವರಿಗಿಂತ ಹೆಚ್ಚು ಸೋಂಕೂ ಆಗುವುದಿಲ್ಲ.

ಇನ್ನೊಂದು ಮಜಾ ಕೇಳಿ. ಈ ಡಫಿ ಪ್ರೋಟೀನು ವೈವಾಕ್ಸ್ ಮಲೇರಿಯಾದ ಪರಾವಲಂಬಿ ಕೆಂಪು ಕಣದ ಒಳಗೆ ನುಗ್ಗುವ ಬಾಗಿಲು. ಬಾಗಿಲೇ ಇಲ್ಲದವರಿಗೆ ಆ ಮಲೇರಿಯಾ ಬರುವುದು ತೀರಾ ಅಪರೂಪ. ಇದನ್ನು 1976ರಲ್ಲಿ ಲೂಯಿಸ್ ಮಿಲ್ಲರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ನಮ್ಮ ಬ್ಯಾರಿಗಳಲ್ಲಿ ಅರಬ್ ವರ್ತಕರ ವಂಶ ಎಂದು ಹೆಮ್ಮೆಯಿಂದ ಹೇಳುವ ಮನೆಗಳು ಇವೆ. ‘ಹಾಗಾದ್ರೆ ನನ್ನ ಕೌಂಟ್ ಕಡಿಮೆ ಇರುವುದು ಅದಕ್ಕೇ’ ಎಂದು ಒಬ್ಬರು ನಮ್ಮಲ್ಲಿ ತಮಾಷೆ ಮಾಡಿದ್ದರು. ವಂಶದ ಮಾತು ಅಲ್ಲಾಹನಿಗೆ ಗೊತ್ತು. ಆದರೆ ಮಂಗಳೂರಿನಲ್ಲಿ ಬರುವ ಮಲೇರಿಯಾದಲ್ಲಿ ಹೆಚ್ಚಿನದು ವೈವಾಕ್ಸ್, ಅದು ನಮ್ಮವರನ್ನು ಧಾರಾಳವಾಗಿ ಹಿಡಿದಿದೆ. ಬಾಗಿಲು ನಮ್ಮಲ್ಲಿ ಹೆಚ್ಚಿನವರಿಗೆ ಇದೆ ಎಂದಾಯಿತು. ಆದ್ದರಿಂದ ನ್ಯೂಟ್ರೋಫಿಲ್ ಕಡಿಮೆ ಬಂದರೆ ವಂಶದ ಮೇಲೆ ಹಾಕಿ ಸುಮ್ಮನಿರಬೇಡಿ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಇದು ಬರೀ ಕುತೂಹಲದ ಸಂಗತಿಯಲ್ಲ. ಬೇರೆ ಜನರ ರೇಂಜಿನಿಂದ ಅಳೆದ ಕಾರಣ ಎಷ್ಟೋ ಮಂದಿಗೆ ಬೇಡದ ಮೂಳೆಮಜ್ಜೆ ಪರೀಕ್ಷೆ ಆಗಿದೆ, ಕ್ಯಾನ್ಸರ್ ಔಷಧದ ಪ್ರಮಾಣ ಇಳಿಸಿದ್ದಾರೆ, ಮುಂದೂಡಿದ್ದಾರೆ. ತೀವ್ರ ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಎಂಬ ಒಳ್ಳೆಯ ಔಷಧ ಉಂಟು. ಅದು ಕೆಲವರಲ್ಲಿ ನ್ಯೂಟ್ರೋಫಿಲ್ ಇಳಿಸುವ ಕಾರಣ ಆಗಾಗ ಎಣಿಸುತ್ತಾ ಇರಬೇಕು. ಹುಟ್ಟಾ ಕಡಿಮೆ ಇರುವವರಿಗೆ ಆ ಔಷಧ ಸಿಗದೆ ಹೋಗುತ್ತಿತ್ತು. 2015ರಲ್ಲಿ ಅಮೆರಿಕದ ಎಫ್‌ಡಿಎ ಅಂಥವರಿಗೆ ಬೇರೆ, ಕೆಳಗಿನ ಗೆರೆ ಹಾಕಿಕೊಟ್ಟಿತು. ಕಾಗದದ ಮೇಲೆ ಒಂದು ಅಂಕೆ ಬದಲಾಯಿತು, ಮದ್ದು ಸಿಗದವರಿಗೆ ಸಿಕ್ಕಿತು.

ಇಯೊಸಿನೊಫಿಲ್ ಬಗ್ಗೆ ಎರಡು ಮಾತು. ಅಲರ್ಜಿ, ದಮ್ಮು, ಹೊಟ್ಟೆಹುಳ, ಆನೆಕಾಲು ರೋಗದ ಹುಳ, ಇವುಗಳಲ್ಲಿ ಏರುವ ಕಣ ಇದು. ಸಾಮಾನ್ಯವಾಗಿ 500ರ ಒಳಗೆ. ಹೊಟ್ಟೆಹುಳ ಸಾಮಾನ್ಯವಾಗಿರುವ ಒಂದು ಊರಿನಲ್ಲಿ 120 ಜನರನ್ನು ಆರಿಸಿ ರೇಂಜ್ ಮಾಡಿದರೆ, ಅದರಲ್ಲಿ ಎಷ್ಟೋ ಜನರ ಹೊಟ್ಟೆಯಲ್ಲಿ ಹುಳ ಇರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ರೇಂಜಿನ ಮೇಲಿನ ಅಂಕೆ ಹಿಗ್ಗುತ್ತದೆ. ಆಮೇಲೆ ಹುಳ ಇದ್ದವನ ರಿಪೋರ್ಟೂ ಸರಿ ಎಂದೇ ತೋರಿಸುತ್ತದೆ. ಇದೇ ಕಾರಣಕ್ಕೆ ಆರೋಗ್ಯವಂತ ಯಾರು ಎಂದು ತೀರ್ಮಾನಿಸುವುದು ಎಣಿಸುವುದಕ್ಕಿಂತ ಕಷ್ಟದ ಕೆಲಸ.

ಶೇಕಡಾ ಲೆಕ್ಕದಲ್ಲಿ ಇನ್ನೊಂದು ಮೋಸ ಇದೆ. ದೊಡ್ಡವರೊಬ್ಬರ ರಿಪೋರ್ಟಿನಲ್ಲಿ ಲಿಂಫೋಸೈಟ್ ನೂರಕ್ಕೆ 50, ‘ಎಚ್’. ಒಟ್ಟು ಬಿಳಿ ಕಣ 4,500. ಅರ್ಧ ಎಂದರೆ 2,250. ದೊಡ್ಡವರಿಗೆ 1,000ದಿಂದ 4,800ರವರೆಗೆ ಇರಬಹುದು, ಅಂದರೆ ಏನೂ ಹೆಚ್ಚಾಗಿಲ್ಲ. ರಿಪೋರ್ಟಿನಲ್ಲಿ ‘ಆಬ್ಸಲ್ಯೂಟ್’ ಎಂದು ಬರೆದ ಸಾಲು ಇದ್ದರೆ ಅದನ್ನು ನೋಡಿ, ಇಲ್ಲದಿದ್ದರೆ ಹೀಗೆ ಗುಣಿಸಿ.

ನಿಮ್ಮ ಸ್ವಂತ ಲೆಕ್ಕವೂ ದಿನವಿಡೀ ಒಂದೇ ಇರುವುದಿಲ್ಲ. ಲಿಂಫೋಸೈಟ್ ಬೆಳಿಗ್ಗೆ ಕಡಿಮೆ, ರಾತ್ರಿ ಜಾಸ್ತಿ. ಸಿಗರೇಟು ಸೇದುವವರ ಬಿಳಿ ಕಣ ಸೇದದವರಿಗಿಂತ ಮೇಲೆಯೇ ಇರುತ್ತದೆ. ಭಾರ ಹೊತ್ತು ಓಡಿಬಂದು ಸೂಜಿಗೆ ಕೈ ಕೊಟ್ಟರೂ ಏರುತ್ತದೆ, ದಮ್ಮಿಗೆ ಸ್ಟೀರಾಯ್ಡ್ ಮಾತ್ರೆ ತಿಂದಿದ್ದರೂ ಏರುತ್ತದೆ. ಹಾಗೆ ಏನೇ ಏರುಪೇರಾದರೂ ಒಬ್ಬ ಮನುಷ್ಯನ ಲೆಕ್ಕ ಓಡಾಡುವ ಜಾಗ, 120 ಜನರ ರೇಂಜಿಗಿಂತ ಬಹಳ ಚಿಕ್ಕದು. ಹತ್ತು ವರ್ಷದಿಂದ 4,200ರ ಆಸುಪಾಸಿನಲ್ಲಿ ಇದ್ದವನಿಗೆ 3,900 ಬಂದರೆ ‘ಎಲ್’ ಬೀಳುತ್ತದೆ, ವಿಶೇಷ ಏನೂ ಇರಲಿಕ್ಕಿಲ್ಲ. ಯಾವಾಗಲೂ 4,500 ಇದ್ದವನಿಗೆ ಒಮ್ಮೆಗೇ 10,500 ಬಂದರೆ ಯಾವ ಅಕ್ಷರವೂ ಬೀಳುವುದಿಲ್ಲ, ಆದರೆ ಏನೋ ನಡೆದಿದೆ. ಇದು ತಿಳಿಯುವುದು ಹಳೇ ರಿಪೋರ್ಟ್ ಇದ್ದರೆ ಮಾತ್ರ. ನಮ್ಮ ಬಾಳೇ ಎರಡು ದೇಶದಲ್ಲಿ ಹಂಚಿಹೋಗಿದೆ, ರಿಪೋರ್ಟುಗಳೂ ಹಾಗೆ: ಕೆಲವು ಊರಿನ ಕಪಾಟಿನಲ್ಲಿ, ಕೆಲವು ಹಳೇ ಕಂಪೆನಿಯ ಫೈಲಿನಲ್ಲಿ. ಫೋಟೋ ತೆಗೆದು ಒಂದೇ ಕಡೆ ಇಡಿ. ತಾರೀಖು ಮತ್ತು ಬಲಬದಿಯ ರೇಂಜ್ ಕೂಡ ಫೋಟೋದಲ್ಲಿ ಬರಲಿ.

ವಿಸಿಟ್ ವೀಸಾದಲ್ಲಿ ಉಮ್ಮ, ಬಾಪ ಬಂದಿರುವವರಿಗೆ ಒಂದು ಎಚ್ಚರಿಕೆ. ವಯಸ್ಸಾದವರಲ್ಲಿ ದೊಡ್ಡ ಸೋಂಕು ಆದಾಗಲೂ ಬಿಳಿ ಕಣ ಏರದೆ ಇರಬಹುದು, ಜ್ವರವೂ ಬಾರದೆ ಇರಬಹುದು. ಉಮ್ಮ ಇದ್ದಕ್ಕಿದ್ದಂತೆ ಮಂಕಾದರೆ, ಊಟ ಬಿಟ್ಟರೆ, ತಲೆಬುಡ ಇಲ್ಲದೆ ಮಾತಾಡಿದರೆ, ‘ಕೌಂಟ್ ನಾರ್ಮಲ್ ಉಂಟು’ ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇನ್ಶೂರೆನ್ಸ್ ಇಲ್ಲ, ಬಿಲ್ ಹೆಚ್ಚಾಗುತ್ತದೆ ಎಂದು ತಡಮಾಡುವವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೂ ಕರೆದುಕೊಂಡು ಹೋಗಿ, ನಮಗೆ ಫೋನು ಮಾಡಿ.

‘ಹಾಗಾದ್ರೆ ಹೆದರಬೇಕಾದ್ದು ಯಾವಾಗ?’ ಎಂದು ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದು ಜ್ವರವೂ ಇದ್ದರೆ, ಅದೇ ಗಂಟೆ ಎಮರ್ಜೆನ್ಸಿಗೆ ಹೋಗಬೇಕು, ಡ್ಯೂಟಿ ಮುಗಿಯಲಿ ಎಂದು ಕಾಯಬಾರದು. ಬಿಳಿ ಕಣ ಹತ್ತಾರು ಸಾವಿರಕ್ಕೆ ಏರಿದ್ದರೆ, ರಿಪೋರ್ಟಿನಲ್ಲಿ ‘ಬ್ಲಾಸ್ಟ್’ ಎಂಬ ಶಬ್ದ ಇದ್ದರೆ, ಬಿಳಿ ಕಣ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಇಳಿದಿದ್ದರೆ ಕೂಡಲೇ ಡಾಕ್ಟರಿಗೆ ತೋರಿಸಿ. ತೂಕ ಇಳಿಯುವುದು, ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರು, ಕುತ್ತಿಗೆ ಕಂಕುಳಲ್ಲಿ ಗಂಟು, ಮಗು ಬಿಳಿಚಿಕೊಂಡು ಮೈಮೇಲೆ ನೀಲಿ ಕಲೆಗಳು, ಇವು ಇದ್ದರೆ ರಿಪೋರ್ಟ್ ಏನೇ ಹೇಳಲಿ, ಬಿಡಬೇಡಿ. ಇದ್ಯಾವುದೂ ಇಲ್ಲದೆ, ಆರಾಮಾಗಿರುವ ಮನುಷ್ಯನಿಗೆ ಗೆರೆಯಿಂದ ಸ್ವಲ್ಪ ಆಚೀಚೆ ಒಂದು ಅಕ್ಷರ ಬಿದ್ದಿದ್ದರೆ, ಡಾಕ್ಟರಿಗೆ ತೋರಿಸಿ ಕೆಲವು ವಾರ ಬಿಟ್ಟು ಇನ್ನೊಮ್ಮೆ ಎಣಿಸಿದರೆ ಹೆಚ್ಚಿನ ಸಲ ಸಾಕಾಗುತ್ತದೆ.

ಇನ್ನೊಂದು ಚೀಟಿ: ‘ನಮ್ಮ ಜನರದ್ದೇ ರೇಂಜ್ ಮಾಡಬಾರದಾ?’ ಒಳ್ಳೆಯ ಪ್ರಶ್ನೆ. ಎಲ್ಲ ಲ್ಯಾಬುಗಳೂ 120 ಜನರನ್ನು ಹುಡುಕುವುದಿಲ್ಲ. ಯಂತ್ರದ ಕಂಪೆನಿ ಕೊಟ್ಟ ಪುಸ್ತಕದ ರೇಂಜನ್ನು ತೆಗೆದುಕೊಂಡು, ತಮ್ಮಲ್ಲಿಯ 20 ಆರೋಗ್ಯವಂತರ ಮೇಲೆ ಪರೀಕ್ಷಿಸಿ ನೋಡಬಹುದು ಎಂದು ಮಾರ್ಗಸೂಚಿಯೇ ಹೇಳುತ್ತದೆ; ಇಬ್ಬರಿಗಿಂತ ಹೆಚ್ಚು ಹೊರಗೆ ಬೀಳದಿದ್ದರೆ ಆ ರೇಂಜ್ ಬಳಸಬಹುದು. ಆ 20 ಜನ ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗಲ್ಫಿನಲ್ಲಿ ಸುಲಭಕ್ಕೆ ಸಿಗುವವರು ಎಂದರೆ ದುಡಿಯುವ ವಯಸ್ಸಿನ ಗಂಡಸರು. ಹೆಂಗಸರು, ಮಕ್ಕಳು, ಅರುವತ್ತು ದಾಟಿದವರು ಲೆಕ್ಕಕ್ಕೆ ಬರುವುದೇ ಕಡಿಮೆ.

ಆದ್ದರಿಂದ ಯಾವುದಾದರೂ ಆಸ್ಪತ್ರೆ, ವಿಶ್ವವಿದ್ಯಾಲಯದವರು ರೇಂಜ್ ಮಾಡಲು ಆರೋಗ್ಯವಂತ ಸ್ವಯಂಸೇವಕರು ಬೇಕು ಎಂದು ಕೇಳಿಕೊಂಡರೆ, ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಓದಿಸಿಕೊಂಡು, ಮನಸ್ಸಿದ್ದರೆ ಕೈ ಕೊಡಿ. ಒಂದೆರಡು ಚಮಚ ರಕ್ತ ಸಾಕು. ಹೆಂಗಸರು ಮುಂದೆ ಬಂದರೆ ಇನ್ನೂ ಒಳ್ಳೆಯದು. ವಯಸ್ಸು ಕೇಳುತ್ತಾರೆ, ಪಾಸ್‌ಪೋರ್ಟಿನ ವಯಸ್ಸು ಬೇಡ, ನಿಜವಾದದ್ದು ಹೇಳಿ. ಇತ್ತೀಚೆಗೆ ಜ್ವರ ಬಂದಿತ್ತಾ, ಮಾತ್ರೆ ತಿನ್ನುತ್ತೀರಾ, ಸಿಗರೇಟು ಉಂಟಾ ಎಂದೂ ಕೇಳುತ್ತಾರೆ. ಹೆಂಡತಿ ಬದಿಯಲ್ಲಿ ಇದ್ದಾಳೆಂದು ಸಿಗರೇಟಿನ ಲೆಕ್ಕ ಮುಚ್ಚಿಡಬೇಡಿ. ನೀವು ಮುಚ್ಚಿಟ್ಟದ್ದು ಇನ್ನೊಬ್ಬರ ರಿಪೋರ್ಟಿನ ಬದಿಯಲ್ಲಿ ಅಚ್ಚಾಗುತ್ತದೆ.

ಊಟ ಆದ ಮೇಲೆ ಬಲಬದಿಯ ಮೇಜಿನಲ್ಲಿ ನಾವು ಕೂತಿರುತ್ತೇವೆ. ರಿಪೋರ್ಟ್ ತಂದವರು ಎರಡೂ ಪುಟ ತನ್ನಿ, ಮಕ್ಕಳದ್ದಾದರೆ ಹುಟ್ಟಿದ ತಾರೀಖು ಹೇಳಿ. ವಸ್ಸಲಾಂ.